ಗೋಡೆ ಬದಿಯ ಜಿರಳೆ ಪೆಟ್ಟಿಗೆ

ನಗುವವರು ಈಗಲೇ ನಕ್ಕುಬಿಡಿ. ಇದು ಜಿರಳೆಗಳ ವಿಷಯ. ನಡೆದದ್ದು ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ, ನನ್ನದೇ ಮನೆಯ ಗ್ಯಾರೇಜಿನಲ್ಲಿ. ಅಂದು ನಾನು ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ಇದ್ದದ್ದು ಚಿಂತೆಯೊಂದೇ. ಅದು ನನಗೆ ಹುಟ್ಟಿದಾಗಿನಿಂದ ಇದೆ, ಆದರೆ ಅದರಿಂದ ಇಂಥದ್ದೇನೂ ಹಿಂದೆಂದೂ ಕಂಡಿರಲಿಲ್ಲ.

ಗಣಿ ಕಂಪನಿಗಳು ಜನರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿದ್ದ ವರ್ಷಗಳವು. ನನ್ನ ಸರದಿಯೂ ಬಂತು. ಐವತ್ತರ ಅಂಚಿನ ಎಂಜಿನಿಯರನ್ನು ಮತ್ತೆ ಯಾರೂ ಕರೆಯಲಿಲ್ಲ. ಕೊನೆಗೆ ಕೈಹಿಡಿದದ್ದು ಜಿರಳೆ. ಇಲ್ಲಿನವರು ಕುತ್ತಿಗೆಗೆ ಗಡ್ಡದಂಥ ಮುಳ್ಳಿರುವ ಓತಿಕ್ಯಾತಗಳನ್ನು ಮಕ್ಕಳಂತೆ ಸಾಕುತ್ತಾರೆ. ಅವಕ್ಕೆ ತಿನ್ನಲು ಜೀವಂತ ಜಿರಳೆ ಬೇಕು. ಬೆಳೆಸಿ ಕೊಡುವವರು ಕಡಿಮೆ.

ಹಾಗಾಗಿ ನಮ್ಮ ಗ್ಯಾರೇಜಿನಲ್ಲಿ ಗೋಡೆಗೆ ಒತ್ತರಿಸಿ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ ಬಂತು. ಒಳಗೆ ಮೊಟ್ಟೆಯ ರಟ್ಟುಗಳು, ರಟ್ಟುಗಳ ತುಂಬ ಸಂಸಾರ. ಮುಂಬದಿಗೆ ಅಂಟಿಸಿದ, ಕರೆಂಟಿನಿಂದ ಕಾಯುವ ಹೀಟ್ ಮ್ಯಾಟ್. ಶಾಖ ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅವು ಸುಖವಾಗಿ ಮರಿ ಹಾಕುತ್ತವೆ, ನಲವತ್ತು ದಾಟಿದರೆ ಬೆಂದುಹೋಗುತ್ತವೆ. ಅದನ್ನು ಕಾಯುವುದು ಥರ್ಮೋಸ್ಟಾಟ್. ಅದರ ವಯರಿನ ತುದಿಯ ಸೆನ್ಸರ್ ಪೆಟ್ಟಿಗೆಯೊಳಗೆ ಇರಬೇಕು. ಒಳಗೆ ತಣ್ಣಗಾದರೆ ಮ್ಯಾಟ್ ಕಾಯತೊಡಗುತ್ತದೆ, ಬಿಸಿಯಾದರೆ ಆರುತ್ತದೆ. ಇಷ್ಟೇ ವಿದ್ಯೆ.

ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ಶೈಲಾ, ದಿನಾ ಬೆಳಿಗ್ಗೆ ಜಿರಳೆಗಳಿಗೆ ಕ್ಯಾರೆಟ್ ಹೆಚ್ಚಿಹಾಕುವಳು. ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಅದೇ ನನಗೆ ಹೆಚ್ಚು ಸಂಕಟ.

ಅಂದು ಆಯುಧಪೂಜೆ. ಮರುದಿನ ಬೆಳಿಗ್ಗೆ ಫ್ರೀಮ್ಯಾಂಟಲ್ ಕಡೆಯ ಒಂದು ಅಂಗಡಿಗೆ ನಮ್ಮ ಮೊದಲ ದೊಡ್ಡ ಸರಕು ಹೋಗಬೇಕಿತ್ತು. ಸರಿಯಾಗಿ ಕೊಟ್ಟರೆ ಪ್ರತಿವಾರ ತಗೊಳ್ಳುತ್ತೇನೆ ಎಂದಿದ್ದ ಅಂಗಡಿಯವನು. ಕೊಡದಿದ್ದರೆ ಮನೆ ಬಿಡುವುದೊಂದೇ ದಾರಿ ಎಂದು ನಾನೂ ಶೈಲಾಳೂ ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಿದ್ದೆವು.

ನಾನು ಹೊರಗೆ ಕಾರು ತೊಳೆಯುತ್ತಿದ್ದೆ. ಶೈಲಾ ಗ್ಯಾರೇಜಿನಲ್ಲಿ ಡ್ರಿಲ್ಲಿಂಗ್ ಮಷೀನು, ಸ್ಪ್ಯಾನರುಗಳನ್ನು ಒರೆಸಿ ಜೋಡಿಸಿ ಕುಂಕುಮ ಇಟ್ಟು ಹೂವು ಏರಿಸಿದಳು. ಕಾರಿನ ಮುಂದೆ ಕುಂಬಳಕಾಯಿ ಒಡೆದೆವು. ಪುಳಿಯೋಗರೆ ತಿಂದೆವು. ಪೂಜೆಗಿಟ್ಟ ಆಯುಧಗಳನ್ನು ಅಂದು ಮುಟ್ಟುವಂತಿಲ್ಲ, ಅವಕ್ಕೆ ವಿಶ್ರಾಂತಿ.

ಸಂಜೆ ಥರ್ಮೋಸ್ಟಾಟ್ ನೋಡಿದರೆ... ಹದಿಮೂರು ಡಿಗ್ರಿ.

ಸರಕು ಹೋಗುವ ಹಿಂದಿನ ರಾತ್ರಿಯೇ ಥಂಡಿ ಹೊಡೆಯಬೇಕೇ? ನನ್ನಂಥವನಿಗೆ ಯೋಚಿಸುವುದಕ್ಕಿಂತ ಗಾಬರಿಯಾಗುವುದು ಸುಲಭ. ಪೆಟ್ಟಿಗೆಗೆ ದಪ್ಪ ರಗ್ಗು ಹೊದಿಸಿದೆ. ಅಷ್ಟಕ್ಕೆ ಬಿಡದೆ, ನನ್ನ ಮಂಡಿನೋವಿನ ಹಾಟ್ ವಾಟರ್ ಬ್ಯಾಗನ್ನು ಒತ್ತಿಟ್ಟು, ಬಾಣಂತಿಯನ್ನು ಬೆಚ್ಚಗೆ ಮಲಗಿಸಿದ ಸಮಾಧಾನದಲ್ಲಿ ಒಳಗೆ ಹೋದೆ.

ನಮ್ಮ ಮಲಗುವ ಕೋಣೆಗೂ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ದೀಪ ಆರಿಸಿದ ಮೇಲೆ ಆಚೆಯಿಂದ ಸರಸರ ಸದ್ದು... ಒಣಗಿದ ಎಲೆಗಳ ಮೇಲೆ ಯಾರೋ ಓಡಾಡಿದ ಹಾಗೆ. ಸರಿ, ಚುರುಕಾಗಿದ್ದಾವೆ ಎಂದುಕೊಂಡೆ. ಆಮೇಲೆ ಆ ಸದ್ದು ತೆಳುವಾಯಿತು. ನಿಂತಿತು.

ಅದರ ಜಾಗದಲ್ಲಿ ಇನ್ನೊಂದು ಕೇಳಿಸಿತು.

ತಪ್... ತಪ್... ತಪ್...

ಅಂಗೈಯಿಂದ ಪ್ಲಾಸ್ಟಿಕ್ಕನ್ನು ಮೆಲ್ಲಗೆ ತಟ್ಟುವ ಸದ್ದು. ಮಗುವನ್ನು ಮಲಗಿಸಲು ತಟ್ಟುತ್ತಾರಲ್ಲ, ಆ ಲಯದಲ್ಲಿ.

“ಕೇಳಿಸ್ತಾ?” ಎಂದೆ.

ಶೈಲಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. “ಆಗ್ಲಿಂದ ಕೇಳ್ತಿದೆ. ನೀವೇ ಎದ್ದು ಹೋಗಿದ್ದೀರ ಅಂದ್ಕೊಂಡಿದ್ದೆ ರೀ.”

ನಾನು ಅವಳ ಪಕ್ಕದಲ್ಲೇ ಇದ್ದೆ.

ಗ್ಯಾರೇಜಿನ ಬಾಗಿಲು ತೆಗೆದೊಡನೆ ಮೂಗಿಗೆ ಬಡಿದದ್ದು ವಾಸನೆ. ನೆನೆದ ರಟ್ಟು, ಕಾದ ಎಣ್ಣೆ, ಜೊತೆಗೆ ಒಂದು ಕೆಟ್ಟ ಸಿಹಿ... ರಗ್ಗು ಎಳೆದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ರಾಚಿತು. ತಳದಲ್ಲಿ ಜಿರಳೆಗಳು ಅಂಗಾತ ಬಿದ್ದಿದ್ದವು, ರಾಶಿ ರಾಶಿ. ಥರ್ಮೋಸ್ಟಾಟ್ ಮಾತ್ರ ಹನ್ನೆರಡು ಎನ್ನುತ್ತಿತ್ತು.

ವಯರನ್ನು ಹಿಡಿದು ಅದು ಹೋದ ದಾರಿಯಲ್ಲೇ ಹೋದೆ. ಅದು ಪೆಟ್ಟಿಗೆಯೊಳಗೆ ಹೋಗಿರಲಿಲ್ಲ. ಡ್ರಿಲ್ಲಿಂಗ್ ಮಷೀನಿನ ಪಕ್ಕ, ಚೆಂಡುಹೂವಿನ ಕೆಳಗೆ, ಹಣೆಗೆ ಕುಂಕುಮ ಇಟ್ಟುಕೊಂಡು ಸೆನ್ಸರ್ ತಣ್ಣಗೆ ಮಲಗಿತ್ತು. ಗ್ಯಾರೇಜಿನ ಚಳಿಯನ್ನು ಅಳೆದು ಅಳೆದು, ಮ್ಯಾಟಿಗೆ ಇನ್ನೂ ಕಾಯಿ, ಇನ್ನೂ ಕಾಯಿ ಎಂದು ಹೇಳುತ್ತ.

“ಇದೂ ನಮ್ಮ ಅನ್ನದ ಆಯುಧ ಅಲ್ವಾ ಅಂತ ಇಟ್ಟೆ,” ಎಂದಳು ಶೈಲಾ.

ಬಯ್ಯಲು ನನಗೆ ಬಾಯಿಲ್ಲ. ರಗ್ಗು ನನ್ನದು. ಪ್ಲಗ್ ಕಿತ್ತೆ. ಮುಚ್ಚಳ ತೆಗೆದು ಪೂಜೆಯ ತಟ್ಟೆಯಿಂದಲೇ ಗಾಳಿ ಬೀಸಿದೆ, ಹುಚ್ಚನ ಹಾಗೆ. ಒಂದೂ ಮಿಸುಕಲಿಲ್ಲ. ಕೊನೆಗೆ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತೆ.

“ಮುಗೀತು ಶೈಲಾ. ಇನ್ನೇನೂ ಉಳಿದಿಲ್ಲ.”

ತಪ್... ತಪ್...

ನನ್ನ ಮುಖದ ಎದುರಿಗೇ. ಪೆಟ್ಟಿಗೆಯ ಹಿಂದಿನಿಂದ. ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಚಮಚ ತೂರಿಸಲೂ ಜಾಗವಿರಲಿಲ್ಲ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎಳೆದು ತಿರುಗಿಸಿದೆವು.

ಬದುಕಿದ್ದವೆಲ್ಲ ಅಲ್ಲಿದ್ದವು. ಪೆಟ್ಟಿಗೆಯ ಹಿಂಬದಿಗೆ ಒಳಗಿನಿಂದ, ರಟ್ಟುಗಳ ಮರೆಯಲ್ಲಿ, ಒಂದರ ಮೇಲೊಂದು ಅಂಟಿಕೊಂಡು, ಮೀಸೆಗಳನ್ನು ಆಡಿಸುತ್ತ. ಆದರೆ ಎಲ್ಲೆಂದರಲ್ಲಿ ಅಲ್ಲ. ಎರಡೇ ಕಡೆ. ಒಂದೊಂದು ಗುಂಪಿಗೂ ಕೈಯ ಆಕಾರ: ನಡುವೆ ಅಗಲವಾದ ಅಂಗೈ, ಅದರಿಂದ ಚಾಚಿಕೊಂಡ ಬೆರಳುಗಳು, ಪಕ್ಕಕ್ಕೆ ಹೆಬ್ಬೆರಳು. ಹೊರಗಿನಿಂದ ಯಾರೋ ಎರಡೂ ಕೈ ಒತ್ತಿ ಹಿಡಿದ ಹಾಗೆ. ಬೆರಳುಗಳು ಕೆಳಮುಖವಾಗಿದ್ದವು.

ಶೈಲಾ ನಿಧಾನವಾಗಿ ತನ್ನ ಅಂಗೈಯನ್ನು ಹೊರಗಿನಿಂದ ಒಂದರ ಮೇಲಿಟ್ಟಳು. ಆ ಆಕಾರದೊಳಗೆ ಅವಳ ಕೈ ಮಗುವಿನ ಕೈಯಂತೆ ಕಂಡಿತು.

“ಐಸ್ ಥರ ಇದೆ ರೀ... ಇಷ್ಟು ಮಾತ್ರ.”

ಗ್ಯಾರೇಜಿನ ಗೋಡೆ ಮುಟ್ಟಿ ನೋಡಿದೆ. ಅದು ಬೆಚ್ಚಗಿತ್ತು.

ಬೆಳಿಗ್ಗೆ ಫ್ರೀಮ್ಯಾಂಟಲ್‌ಗೆ ಅರೆಬರೆ ಸರಕು ಒಯ್ದೆ. ಅಂಗಡಿಯವನು ಗೊಣಗಿದ, ಆದರೂ ಇಟ್ಟುಕೊಂಡ, ಇನ್ನೊಂದು ಅವಕಾಶ ಕೊಟ್ಟ. ಆ ಎರಡು ಕೈಗಳೊಳಗೆ ಉಳಿದವುಗಳ ಸಂತಾನವೇ ಇವತ್ತಿಗೂ ನಮಗೆ ಅನ್ನ ಹಾಕುತ್ತಿದೆ.

ನಮ್ಮದು ಹೊಸ ಬಡಾವಣೆ. ಮನೆ ಕಟ್ಟಿಸಿದವರೇ ನಾವು, ನಮಗಿಂತ ಮೊದಲು ಇದರಲ್ಲಿ ಯಾರೂ ಮಲಗಿಲ್ಲ, ಯಾರೂ ಸತ್ತಿಲ್ಲ. ಗೋಡೆ ಆ ಬದಿಯನ್ನು ಸ್ವಲ್ಪ ತಣ್ಣಗಿಟ್ಟಿರಬೇಕು ಎಂದು ಶೈಲಾ ಒಂದೆರಡು ಸಲ ಹೇಳಿ ನೋಡಿದಳು. ಬೆರಳುಗಳ ಮಾತು ಬಂದಾಗ ಕ್ಯಾರೆಟ್ ಹೆಚ್ಚಲು ಎದ್ದು ಹೋದಳು.

ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ, ಹಗಲಿನ ಧಗೆ ಇಳಿಯುವ ಮೊದಲೇ ಇಡೀ ಬೀದಿಯ ಕರೆಂಟು ಹೋಯಿತು. ಫ್ಯಾನಿಲ್ಲ. ಪೆಟ್ಟಿಗೆಗೆ ಒತ್ತಿಟ್ಟ ಐಸ್ ಬಾಟಲಿಗಳೆಲ್ಲ ಕರಗಿ ನೀರಾದವು. ಗ್ಯಾರೇಜು ಒಲೆಯಾಗಿತ್ತು. ಒಳಗೆ ಮತ್ತೆ ಆ ಸರಸರ ಶುರುವಾಯಿತು. ನನಗೆ ಮಾಡಲು ಏನೂ ಉಳಿದಿರಲಿಲ್ಲ.

ಆ ಕೈಗಳಿಗೆ ಜಾಗವಿರಲೆಂದು ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ. ಬಾಗಿಲ ಬಳಿ ನಿಂತು, ಕತ್ತಲಿಗೆ ಬೆನ್ನು ಹಾಕಿ, ಮೆಲ್ಲಗೆ ಹೇಳಿದೆ:

“ಸ್ವಲ್ಪ ನೋಡ್ಕೊಳ್ಳಿ.”

ಬಾಗಿಲು ಎಳೆದುಕೊಂಡು ಬಂದೆ. ತಿರುಗಿ ನೋಡಲಿಲ್ಲ. ಬೆಳಿಗ್ಗೆ ಅವೆಲ್ಲ ಬದುಕಿದ್ದವು... ಆದರೆ ಪೆಟ್ಟಿಗೆ ಮತ್ತೆ ಗೋಡೆಗೆ ಆತುಕೊಂಡಿತ್ತು.