ಗಟ್ಟಾ ಸಡಿಲಿಸಿದವನು

ಇದನ್ನು ಬರೆಯಲು ಎಷ್ಟೋ ಸಲ ಕೂತು, ಏನೂ ಬರೆಯದೆ ಎದ್ದಿದ್ದೇನೆ. ಕಥೆಯನ್ನೇನೋ ಎಲ್ಲರಿಗೂ ಹೇಳಿದ್ದೇನೆ. ಹೆಂಡತಿಗೆ, ಮಕ್ಕಳಿಗೆ, ಅಂಗಡಿಗೆ ಬಂದ ಗಿರಾಕಿಗಳಿಗೆ. ನಂಬಿದವನೇ ಹೇಗೆ ಮೋಸ ಮಾಡಿದ ಎಂಬ ಕಥೆ. ಪ್ರತಿಸಲವೂ ಒಂದು ಮಾತನ್ನು ಬಿಟ್ಟೇ ಹೇಳಿದ್ದೇನೆ.

ನಮ್ಮೂರು ಲಕ್ಷ್ಮೇಶ್ವರ. ಹೈಸ್ಕೂಲಿಗೆಂದು ಗದಗಿಗೆ ಹೊಂದಿಕೊಂಡ ಬೆಟಗೇರಿಯ ನೇಕಾರರೊಬ್ಬರ ಮನೆಯ ಹೊರಕೋಣೆಯಲ್ಲಿದ್ದೆ. ರೊಟ್ಟಿಯ ಗಂಟು ಊರಿನಿಂದ ಬಸ್ಸಿನಲ್ಲಿ ಬರುತ್ತಿತ್ತು. ಪಲ್ಯ ಆ ಮನೆಯವರದು. ನಾವಿನ್ನೂ ಮುಂಬೈ ಸರಕಾರದಲ್ಲಿದ್ದೆವು. ಕರ್ನಾಟಕ ಒಂದಾಗಬೇಕೆಂದು ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದರು. ಮೆಟ್ರಿಕ್ ಮುಗಿಸಿದ ನನಗೆ ಮಾತ್ರ ಧಾರವಾಡದ ಒಂದು ಕಾಲೇಜಿನದೇ ಧ್ಯಾನ. ಅಲ್ಲಿನ ಸಂಗೀತ ತಂಡಕ್ಕೆ ತಬಲಾ ಬಾರಿಸುವ ಹುಡುಗ ಬೇಕಾಗಿದ್ದ. ಬಾರಿಸಿ ತೋರಿಸಿ ಆಯ್ಕೆಯಾದವನಿಗೆ ಹಾಸ್ಟೆಲಿನ ಊಟ ಬಿಟ್ಟಿ. “ಅದು ಸಿಕ್ಕರ ಕಾಲೇಜು. ಇಲ್ಲಾಂದ್ರ ಸುಮ್ನ ಬಂದು ಅಂಗಡ್ಯಾಗ ಕುಂಡ್ರು” ಎಂದಿದ್ದ ಅಪ್ಪ. ನಮ್ಮದು ಸೀರೆಯ ಅಂಗಡಿ.

ಆ ಮನೆಯ ಹಿರಿಯ ಮಗನೂ ನಾನೂ ಒಬ್ಬರೇ ಮಾಸ್ತರರ ಹತ್ತಿರ ತಬಲಾ ಕಲಿಯುತ್ತಿದ್ದೆವು. ಅವನನ್ನು ಅಣ್ಣ ಎನ್ನುತ್ತಿದ್ದೆ. ಅವನ ಕೈ ನನ್ನ ಕೈಗಿಂತ ಮೇಲು. ಆದರೆ ಬೇಗನೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು, ಕಾಲೇಜು ಅವನಿಗಲ್ಲ. ನಾಟಕ ಕಂಪನಿಯಲ್ಲಿ ಜಾಗ ಕೊಡಿಸುತ್ತೇನೆಂದು ಮಾಸ್ತರರು ಅವನಿಗೆ ಮಾತು ಕೊಟ್ಟಿದ್ದರು.

ಆ ಬೇಸಿಗೆಯಿಡೀ ಮಗ್ಗ ನಿಂತ ಮೇಲೆ ಅವನು ಹಾರ್ಮೋನಿಯಂ ಪೇಟಿಯಲ್ಲಿ ಒಂದೇ ಧಾಟಿಯನ್ನು ಮತ್ತೆ ಮತ್ತೆ ನುಡಿಸುತ್ತಿದ್ದ, ನಾನು ತೀನತಾಲ ಬಾರಿಸುತ್ತಿದ್ದೆ. ನನಗೆ ಲಯ ಬಿಟ್ಟು ಓಡುವ ಚಟ.

“ಲೇ, ಹಿಂದ ನಾಯಿ ಹತ್ತೈತೇನ? ಎಲ್ಲಿಗೆ ಓಡಾಕತ್ತೀ?”

“ಧಾರವಾಡಕ್ಕ, ಅಣ್ಣಾ.”

“ಗಾಡಿ ಅದಾವಲ್ಲೋ. ಕುಂತ ಹೋಗು.”

ಆಯ್ಕೆಯ ದಿನ ಧಾರವಾಡದಲ್ಲಿ ಗಂಟು ಬಿಚ್ಚಿ ಬೆರಳಿಟ್ಟರೆ, ಕೇಳಿ ತಂದಿದ್ದ ಮಾಸ್ತರರ ತಬಲಾ ತೊಯ್ದ ಚೀಲದಂತೆ ಸಪ್ಪಳ ಮಾಡಿತು. ಚರ್ಮವನ್ನು ಬಿಗಿ ಹಿಡಿಯುವ ಕಟ್ಟಿಗೆಯ ಗಟ್ಟಾಗಳೆಲ್ಲ ಸಡಿಲಾಗಿದ್ದವು. ಗಂಟು ಕಟ್ಟಿಕೊಟ್ಟವನು ಅಣ್ಣ. ನನ್ನ ಸರತಿ ಬಂದೇಬಿಟ್ಟಿತು. ಗಡಿಬಿಡಿಯಲ್ಲಿ ಒಂದೇ ಬದಿಗೆ ಹತೋಡಿ ಬಡಿದೆ. ಅಂಚಿನಲ್ಲಿ ಚರ್ಮ ಚರ್ರೆಂದು ಹರಿಯಿತು. “ವಾದ್ಯಾ ಸಂಭಾಳಸಾಕ ಬರದವ್ರು ಬಾರಸೂದೇನ್ರಿ?” ಎಂದು ಪರೀಕ್ಷಕರು ಮುಂದಿನವನನ್ನು ಕರೆದರು.

ಮರಳಿ ಬಂದು ಮಾಸ್ತರರ ಮನೆಯಲ್ಲಿ, ಅವರ ಮುಂದೆಯೇ ಅಣ್ಣನ ಮೇಲೆ ಕೂಗಾಡಿದೆ. “ಲೇ, ನಂಬಿದವನ ಕುತ್ತಿಗಿ ಕೊಯ್ದೆಲ್ಲಲೇ! ನಾ ಕಾಲೇಜಿಗೆ ಹೊಂಟೆ ಅಂತ ಹೊಟ್ಟಿ ಉರೀತೇನ ನಿನಗ?” ಅವನಿಗೆ ನಾನು ಲೇ ಎಂದದ್ದು ಅದೇ ಮೊದಲು.

“ಗಟ್ಟಾ ನೀ ಸಡಲಸಿದೇನ?” ಎಂದರು ಮಾಸ್ತರರು ಅವನಿಗೆ.

“ಹೌದ್ರಿ. ಬಿಸಲಾಗ ಹೊಂಟಿದ್ದ, ಚರ್ಮ ಬಿಗದು ಬಿರೀಬಾರದಂತ. ಅವಗ ಹೇಳೇನ್ರಿ.”

ಮಾಸ್ತರರು ನನ್ನತ್ತ ತಿರುಗಿದರು. “ಹೇಳಿದ್ದನೇನ?”

“ಇಲ್ರಿ.”

ಅವನು ನನ್ನನ್ನೇ ನೋಡಿದ, ನಾನು ಇನ್ನೇನೋ ಹೇಳುವವನಿದ್ದೇನೆ ಎನ್ನುವಂತೆ. “ನನ್ನ ಹೊಸ್ತಿಲಾ ತುಳೀಬ್ಯಾಡ” ಎಂದರು ಮಾಸ್ತರರು ಅವನಿಗೆ. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಕಂಪನಿಯ ಮಾತು ಅಲ್ಲಿಗೇ ಮುಗಿಯಿತು.

ಬಿಟ್ಟು ಹೇಳುತ್ತಿದ್ದ ಮಾತು ಇಷ್ಟೇ: ಅವನು ಹೇಳಿದ್ದ. ಹೊರಡುವ ದಿನ ಮುಂಜಾನೆ ಗದಗ ಸ್ಟೇಷನ್ನಿನಲ್ಲಿ, ಗಂಟು ನನ್ನ ಕೈಗೆ ಕೊಡುತ್ತ ಹೇಳಿದ್ದ: “ಸಡಲಸೇನಿ ಮತ್ತ. ಇಳದ ಕೂಡ್ಲೆ ನೆಳ್ಳಾಗ ಇಡು. ಆಮ್ಯಾಲ ಸುತ್ತಲೂ ಸಣ್ಣಗ ಬಡದು ಬಿಗಿ ಮಾಡು. ಒಮ್ಮಿಗ್ಲೇ ಬಡೀಬ್ಯಾಡ.” ನಾನು ಗಾಡಿಯ ಕಿಟಕಿಯ ಗಾಜಿನಲ್ಲಿ ಬೈತಲೆ ನೋಡಿಕೊಳ್ಳುತ್ತ “ಹೂಂ ಅಣ್ಣಾ” ಎಂದಿದ್ದೆ. ಚರ್ಮ ಹರಿದ ಕ್ಷಣವೇ ಅದು ನೆನಪಾಯಿತು. ಆದರೆ ಅಪ್ಪನ ಮುಂದೆ ನಿಲ್ಲಲು ನನಗೊಬ್ಬ ಮೋಸಗಾರ ಬೇಕಾಗಿದ್ದ. ಹೇಳುತ್ತ ಹೇಳುತ್ತ ಆ ಮೋಸವನ್ನು ನಾನೇ ನಂಬಿದೆ. ಸಿಟ್ಟು ಕೂಡ ಖರೆಯದೇ ಆಗಿತ್ತು.

ರಾಜ್ಯ ಒಂದಾದ ದಿನ ಅಂಗಡಿಯಲ್ಲಿ ಪೇಡೆ ಹಂಚುತ್ತಿದ್ದೆ. ಅವನು ಸೀರೆಯ ಗಂಟು ಹೊತ್ತು ಬಂದ.

“ತಬಲಾ ಬಾರಸ್ತೀರೇನ್ರಿ, ಸಾವಕಾರ್ರ?”

ನಾನು ಇಲ್ಲವೆಂದು ತಲೆಯಾಡಿಸಿದೆ. “ನೀ?”

“ನಮಗ ಮಗ್ಗ ಐತಲ್ರಿ” ಎಂದು ಪೇಡೆಯನ್ನು ವಸ್ತ್ರದ ತುದಿಗೆ ಕಟ್ಟಿಕೊಂಡ, ಮಕ್ಕಳಿಗೆಂದು. ಮುಂದೆಯೂ ಎಷ್ಟೋ ವರ್ಷ ಗಂಟು ತಂದ. ಅವನು ರೀ ಬಿಡಲಿಲ್ಲ. ನಾನು ಅವನನ್ನು ಏನೆಂದೂ ಕರೆಯದೆ, “ಇಡು”, “ಕುಂಡ್ರು” ಎನ್ನುತ್ತಲೇ ವ್ಯವಹಾರ ಮುಗಿಸುತ್ತಿದ್ದೆ. ಒಂದು ವರ್ಷ ಗಂಟನ್ನು ಅವನ ಮಗ ತಂದ, ತಲೆ ಬೋಳಿಸಿಕೊಂಡು.

ತಪ್ಪಾಯಿತು ಎಂದು ನಾನು ಹೇಳದೆ ಉಳಿದದ್ದು ಅವನಿಗೆ. ಬೆಟಗೇರಿಯ ಆ ಮನೆಯ ಹಿರಿಯ ಮಗನಿಗೆ. ನನ್ನ ಅಣ್ಣನಿಗೆ.