ಟೈಲರಕ್ಕನ ಮೇಕೆ ಕೊಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಟೈಲರಕ್ಕ ಬಳೆ ಕಳಚಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಮಂಡಿಯೂರಿ ಕುಳಿತಿದ್ದಾರೆ. ಕಪ್ಪು ಮೇಕೆ ತಿಣುಕಿ ತಿಣುಕಿ ಸುಸ್ತಾಗಿದೆ. ಮರಿಯ ಮೂತಿ ಮತ್ತು ಒಂದು ಕಾಲು ಹೊರಗೆ ಬಂದಿವೆ. ಇನ್ನೊಂದು ಕಾಲು ಒಳಗೇ ಮಡಚಿಕೊಂಡಿದೆ. ಮೇಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿರುವವರು ಅವರ ಅತ್ತೆ.

"ಎಳೀಬೇಡ ಕಣೇ!"

"ಎಳೀತಿಲ್ಲ ಅತ್ತೆ, ಕಾಲು ಹುಡುಕ್ತಿದೀನಿ. ನೀವು ಗಟ್ಟಿಯಾಗಿ ಹಿಡ್ಕೊಳಿ."

ಬೆರಳು ಮೆಲ್ಲಗೆ ಒಳಗೆ ಜಾರುತ್ತದೆ, ಮಡಚಿದ ಕಾಲು ನೆಟ್ಟಗಾಗುತ್ತದೆ. ಮುಂದಿನ ತಿಣುಕಿಗೆ ಮರಿ ಹುಲ್ಲಿನ ಮೇಲೆ ಬೀಳುತ್ತದೆ. ಉಸಿರಿಲ್ಲ. ಟೈಲರಕ್ಕ ಮೂಗಿನ ಲೋಳೆ ಒರೆಸಿ, ಗೋಣಿಚೀಲದಿಂದ ಎದೆ ತಿಕ್ಕುತ್ತಲೇ ಇದ್ದಾರೆ. ಕೊನೆಗೊಂದು ಸೀನು! ಅತ್ತೆಗೂ ಹೋದ ಜೀವ ಬಂದಂತಾಗುತ್ತದೆ.

ಇವರದು ತಲೆತಲಾಂತರದಿಂದ ಸೂಜಿ ಹಿಡಿದ ಮನೆತನ. ಬೆಕ್ಕನ್ನೂ ಸಾಕಿದವರಲ್ಲ. ಸಿದ್ಧ ಉಡುಪಿನ ಅಂಗಡಿಗಳು ಬಂದು ಹೊಲಿಗೆ ಕಡಿಮೆಯಾದಾಗ ಟೈಲರಕ್ಕ ಎರಡು ಮೇಕೆ ತಂದರು. ಬೀದಿಗೆ ಬೀದಿಯೇ ನಕ್ಕಿತು. ಮೈ ತುಂಬಿಕೊಳ್ಳಲೆಂದು ಬುಟ್ಟಿಗಟ್ಟಲೆ ಜೋಳ ಸುರಿದದ್ದೇ ಮುಳುವಾಯಿತು. ಹೊಟ್ಟೆ ಉಬ್ಬರಿಸಿ ಎರಡೂ ಸತ್ತವು. "ಬಂದ ದಾರಿಗೆ ಸುಂಕ ಇಲ್ಲ, ಮಿಷನ್ ಮುಂದೇನೇ ಕೂತ್ಕೋ," ಎಂದರು ಅತ್ತೆ.

ಸೊಸೆ ಕೂರಲಿಲ್ಲ. ಕಾಲುವೆಯಾಚೆ ಮೇಕೆ ಸಾಕುವ ಮುದುಕರೊಬ್ಬರ ಬಳಿಗೆ ಹೋದರು. "ಅಜ್ಜ, ಕೂಲಿ ಬೇಡ, ಕೆಲಸ ಕಲಿಸಿ ಅಂದೆ. ಪೊರಕೆ ಕೊಟ್ರು. ಹಿಕ್ಕೆ ಗುಡಿಸ್ತಾ ನೋಡ್ಕೋ, ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತೆ ಅಂದ್ರು," ಎಂದು ಟೈಲರಕ್ಕ ನಗುತ್ತಾರೆ. ಒಂದು ವರ್ಷ ಗುಡಿಸಿ, ಕಲಿತು, ಮತ್ತೆ ಮೇಕೆ ತಂದರು. ಈಗ ಕೊಟ್ಟಿಗೆಯಲ್ಲಿ ಹದಿನೆಂಟಿವೆ. ಹೆಚ್ಚಿನವು ಇಲ್ಲೇ ಹುಟ್ಟಿದವು. ನಕ್ಕಿದ್ದ ಮನೆಗಳಿಗೇ ಬೆಳಗಿನ ಹಾಲು ಹೋಗುತ್ತದೆ.

"ನನ್ನ ಮಗನಿಗೂ ಇಷ್ಟು ಉಪಚಾರ ಇಲ್ಲ," ಎಂದು ಅತ್ತೆ ಗೊಣಗುತ್ತಾರೆ. ಗೊಣಗುತ್ತಲೇ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ.

ಮುಂದಿನ ಆಸೆಯೇನು ಎಂದು ಕೇಳಿದರೆ ಟೈಲರಕ್ಕ ಕೈ ತೊಳೆಯುತ್ತಾ ಯೋಚಿಸುತ್ತಾರೆ. "ಮಗಳು ಓದ್ಲಿ, ಇಷ್ಟ ಬಂದಿದ್ದು ಮಾಡ್ಲಿ. ಅಕಸ್ಮಾತ್ ಮೇಕೆನೇ ಸಾಕ್ತೀನಿ ಅಂದ್ರೆ, ನಿಮ್ ವಂಶದಲ್ಲಿ ಯಾರ್ ಸಾಕಿದ್ರು ಅಂತ ಅವಳನ್ನ ಯಾರೂ ಕೇಳೋ ಹಾಗಿಲ್ಲ. ನಾನಿದೀನಲ್ಲ."