ಗಾಳಿಯಲ್ಲೇ ನಿಂತ ಕಾಲು

ಎರಡು ವರ್ಷದ ಹಿಂದೆ, ಮಗಳ ದಸರಾ ರಜೆಯಲ್ಲಿ, ಎಪ್ಪತ್ತು ದಾಟಿದ ಅತ್ತೆಯನ್ನೂ ಕರೆದುಕೊಂಡು ನಾವು ಮೂವರು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ನಮ್ಮೂರು ಮುತ್ತಿನಕೊಪ್ಪದಲ್ಲಿ ಬಸ್ಸು ಹತ್ತಿಸುವಾಗ ನಮ್ಮೆಜಮಾನರು, "ಅಮ್ಮನ ಕೈ ಬಿಡ್ಬೇಡ" ಎಂದು ಮೂರು ಸಲ ಹೇಳಿದ್ದರು. ನಾನು ದೊಡ್ಡ ಜವಾಬ್ದಾರಿಯವಳ ಹಾಗೆ, "ನಾನಿಲ್ವಾ?" ಎಂದಿದ್ದೆ.

ಅಲ್ಲಿ ಊರೆಲ್ಲ ಸುತ್ತಲು ಟಾಂಗಾ ಸಿಗುತ್ತದೆ. ನಮ್ಮ ಟಾಂಗಾದವರು ಬಾಷಾ ಎಂಬ ಹಿರಿಯರು. ಬಿಳಿ ಕುದುರೆಯ ಹೆಸರು ರಾಣಿ. ಅತ್ತೆಗೆ ಕುದುರೆಗಾಡಿ ಇದೇ ಮೊದಲು.

"ಎಂತ ಸುಖ ಮಾರಾಯ್ತಿ! ಬಸ್ಸಲ್ಲಿ ಹೊಟ್ಟೆ ತೊಳೆಸ್ತದೆ, ಇದ್ರಲ್ಲಿ ಎಂತದೂ ಇಲ್ಲ" ಎಂದು ಕೋಟೆ, ಗುಂಬಜ್ ಮುಗಿಯುವವರೆಗೂ ಹೇಳುತ್ತಲೇ ಇದ್ದರು.

ಕೊನೆಗೆ ಸಂಗಮಕ್ಕೆ ಬಂದೆವು. ಬಾಷಾ ಕುದುರೆಯನ್ನು ಗಾಡಿಯಿಂದ ಬಿಚ್ಚಿ, ನೆರಳಲ್ಲಿ ಕಟ್ಟಿ, ಬಕೆಟ್ಟಿನಲ್ಲಿ ನೀರು ಹಿಡಿದರು. ಮಗಳು ಫೋಟೋ ಬೇಕೆಂದು ಹಟ ಮಾಡಿದಳು. ನಾನು ಅತ್ತೆಯ ಕೈ ಬಿಟ್ಟು ಮೊಬೈಲ್ ಹಿಡಿದೆ.

ನಮ್ಮ ಮನೆಯಲ್ಲಿ ಹಸುವಿಗೆ ನಮಸ್ಕಾರ ಮಾಡುವುದು ಅದರ ಹಿಂದುಗಡೆ ನಿಂತು. ಲಕ್ಷ್ಮಿ ಇರುವುದು ಅಲ್ಲೇ ಎಂದು ಬಾಲದ ಬುಡ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅಷ್ಟು ಹೊತ್ತು ನಮ್ಮನ್ನು ಎಳೆದು ತಿರುಗಿಸಿದ ಪ್ರಾಣಿಗೆ ಕೈ ಮುಗಿಯದೆ ಬರುವುದುಂಟೇ ಎಂದು ಅತ್ತೆಗೆ ಅನಿಸಿರಬೇಕು. ತಿರುಗಿ ನೋಡಿದರೆ, ಅತ್ತೆ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಕುದುರೆಯ ಹಿಂದೆ ಹೋಗಿ ಎರಡೂ ಕೈ ಇಟ್ಟೇ ಬಿಟ್ಟಿದ್ದಾರೆ!

ರಾಣಿ ಬೆಚ್ಚಿಬಿದ್ದು ಕಿವಿಯನ್ನು ಹಿಂದಕ್ಕೆ ಮಡಚಿತು. ಹಿಂಗಾಲು ಮೇಲೆದ್ದಿತು. ಲಾಳ ಹೊಡೆದ ಗೊರಸಿಗೂ ಅತ್ತೆಯ ಹೊಟ್ಟೆಗೂ ಒಂದು ಗೇಣು ಅಂತರ. ಅತ್ತೆ ಮಾತ್ರ ಕಣ್ಣು ಮುಚ್ಚಿಕೊಂಡು ಏನೋ ಬೇಡಿಕೊಳ್ಳುತ್ತಿದ್ದರು.

ನಾನು ಕಿರುಚಲು ಬಾಯಿ ತೆರೆದೆ. ಬಾಷಾ ಬೇಡವೆಂದು ಅಂಗೈ ತೋರಿಸಿದರು. ಮಗುವಿಗೆ ಹೇಳುವ ದನಿಯಲ್ಲಿ, "ರಾಣಿ... ಹಂಗೇ ಇರು ಕಂದಾ. ನಮ್ಮವ್ವ ಕಣೆ" ಎಂದರು. ಕಾಲು ಗಾಳಿಯಲ್ಲೇ ನಿಂತಿತು! ತೊಡೆಯ ಚರ್ಮ ಅದುರುತ್ತಿತ್ತು, ಕಾಲು ಮಾತ್ರ ಹಿಂದಕ್ಕೆ ಚಿಮ್ಮಲಿಲ್ಲ.

"ಅಕ್ಕಾ, ಪಕ್ಕದಿಂದ ಬಂದು ಅವ್ವನ್ನ ಕರ್ಕೊಳ್ಳಿ. ಕೂಗ್ಬ್ಯಾಡಿ."

ಹೇಗೆ ನಡೆದೆನೋ ಗೊತ್ತಿಲ್ಲ. ಅತ್ತೆಯ ರಟ್ಟೆ ಹಿಡಿದು ಈಚೆಗೆ ಎಳೆದುಕೊಂಡೆ. ನಾವು ನಾಲ್ಕು ಹೆಜ್ಜೆ ದೂರ ಬಂದ ಮೇಲೆ ರಾಣಿ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟಿತು.

ಬಾಷಾ ಅಲ್ಲೇ ಮಣ್ಣಿನ ಮೇಲೆ ಕುಸಿದು ಕುಳಿತರು. ಅಂಗಿ ಬೆವರಿಗೆ ಒದ್ದೆಯಾಗಿತ್ತು. "ಹಿಂದ್ಗಡೆಯಿಂದ ಬಂದೆ ಅಂತ ಒಂದ್ಸಲ ನನ್ ಪಕ್ಕೆಲುಬನ್ನೇ ಮುರಿದವಳು ಇವಳು. ಮರಿಯಿಂದ ಸಾಕಿದ ನನ್ನೇ ಬಿಡಲಿಲ್ಲ. ಇವತ್ತು ಯಾಕೆ ತಡ್ಕಂಡ್ಳೋ, ದೇವ್ರೇ ಬಲ್ಲ" ಎಂದರು.

ಅತ್ತೆಗೆ ಇದೊಂದೂ ತಿಳಿಯಲಿಲ್ಲ. "ಎಂತಾಯ್ತೇ, ಯಾಕೆ ಅಳ್ತೀಯ? ಎಷ್ಟು ಸಾಧು ಪ್ರಾಣಿ ನೋಡು ಅದು" ಎಂದರು. ನಾನು ಅವರನ್ನು ತಬ್ಬಿಕೊಂಡು ಇನ್ನೂ ಜೋರಾಗಿ ಅತ್ತುಬಿಟ್ಟೆ.

ಊರಿಗೆ ಬಂದ ಮೇಲೆ ಅಕ್ಕಪಕ್ಕದವರು ಏನೇನು ನೋಡಿದಿರಿ ಎಂದು ಕೇಳಿದರು. ಕೋಟೆ, ಗುಂಬಜ್ ಎಲ್ಲ ಹೇಳಿದೆ. ನಿಜ ಹೇಳಬೇಕೆಂದರೆ, ಅವೊಂದೂ ನನಗೆ ಸರಿಯಾಗಿ ನೆನಪಿಲ್ಲ. ಒದೆಯಲೆಂದೇ ಎದ್ದ ಕಾಲನ್ನು, ಗುರುತಿಲ್ಲದ ಒಬ್ಬ ಮುದುಕಿಗಾಗಿ ಒಂದು ಪ್ರಾಣಿ ತಾನೇ ತಡೆದುಕೊಂಡಿದ್ದನ್ನು ನಾನು ನೋಡಿದೆ. ಅಷ್ಟು ದೊಡ್ಡದನ್ನು ನಾನು ಬೇರೆಲ್ಲೂ ಕಂಡಿಲ್ಲ.